ಅಜ್ಜಿಯ ಗುಡಿಸಲು ಸುಡಿಸಿದ ಸಾಹೇಬ

ಅಮೆರಿಕದ ಪಾರ್ಸಿಪನಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುವ ಕೇತಮ್ಮ ಸೋಲಿಗರ ಹೆಣ್ಣು. ಕನ್ನಡ ಕೂಟದಲ್ಲಿ ಊರು ಯಾವುದೆಂದು ಕೇಳಿದವರಿಗೆಲ್ಲ ಮೈಸೂರು ಎಂದು ಹೇಳಿ ಇಷ್ಟು ಕಾಲ ತಪ್ಪಿಸಿಕೊಂಡಿದ್ದವಳಿಗೆ ಈ ಸಲ ಏನು ಧೈರ್ಯ ಬಂತೋ, ವಾರ್ಷಿಕ ಸಂಚಿಕೆಗೆ ಅಜ್ಜಿಯ ಕಥೆ ಬರೆದುಕೊಟ್ಟಳು. ಕಾಡೊಳಗಿನ ಪೋಡಿನಲ್ಲಿ, ಅಂದರೆ ಸೋಲಿಗರ ಹಟ್ಟಿಯಲ್ಲಿ, ಅಜ್ಜಿಯ ಗುಡಿಸಲಿಗೆ ಬೆಂಕಿ ಇಡಿಸಿದ ಫಾರೆಸ್ಟ್ ಸಾಹೇಬನ ಕಥೆ ಅದು. ಸಾಹೇಬ ಹಣೆಗೆ ಗಂಧ ಇಟ್ಟಿದ್ದ, ಅಚ್ಚ ಕನ್ನಡದಲ್ಲಿ ಬೈದ, ಬಾಯಿ ಒಣಗಿದರೂ ಅಜ್ಜಿಯ ಮಡಕೆಯ ನೀರು ಮುಟ್ಟಲಿಲ್ಲ. ಮಗಳು ಸಿರಿಗೂ ಇದನ್ನು ಹೇಳಿರಲಿಲ್ಲ. ಅಚ್ಚಾದ ಮೇಲೆ ಓದಿ ಹೇಳೋಣ, ತಾನು ಯಾರ ಮೊಮ್ಮಗಳ ಮಗಳೆಂದು ಅವಳಿಗೂ ತಿಳಿಯಲಿ ಎಂಬ ಆಸೆ.

ಸಂಚಿಕೆ ಬಂತು. ಕಥೆಯ ಪಕ್ಕ ಪುಟದಗಲ ಚಿತ್ರ: ಕೆಂಪು ಮೂತಿ, ದೊಡ್ಡ ಟೋಪಿ, ಕೈಯಲ್ಲಿ ಚಾಟಿ, ಹಿಂದೆ ಹೊತ್ತಿ ಉರಿಯುವ ಗುಡಿಸಲು, ಬ್ರಿಟಿಷ್ ಬಾವುಟ. ಕಥೆಯೊಳಗೂ ಹಣೆಯ ಗಂಧ ಮಾಯವಾಗಿತ್ತು. ಸಾಹೇಬನ ಬಾಯಲ್ಲಿ ಕನ್ನಡ ಇದ್ದಲ್ಲಿ ಇಂಗ್ಲಿಷ್ ಬಂದು ಕೂತಿತ್ತು. ಕೇತಮ್ಮನಿಗೆ ಮೈ ಉರಿದುಹೋಯಿತು.

ಸಂಪಾದಕರು ಹಿಲ್ಸ್‌ಬರೋದ ಶಿವಪ್ರಸಾದ್. ಒಳ್ಳೆಯವರೇ, ಅದೇ ತೊಂದರೆ. ಒಳ್ಳೆಯವರ ಮೇಲೆ ಕೂಗಾಡಲಿಕ್ಕೂ ಆಗುವುದಿಲ್ಲ.

"ಅಂಕಲ್, ಅವನು ಬಿಳಿಯ ಅಲ್ಲ. ಕನ್ನಡದವನೇ. ಬ್ರಿಟಿಷರು ಹೋಗಿ ಎಷ್ಟೋ ವರ್ಷ ಆದ್ಮೇಲೆ ನಡೆದದ್ದು."

"ಓದೋರಿಗೆ ಕನ್‌ಫ್ಯೂಸ್ ಆಗತ್ತೆ ಅಂತ ಸ್ವಲ್ಪ ಎಡಿಟ್ ಮಾಡ್ದೆ ಕಣಮ್ಮಾ. ನಮ್ಮೋರು ಯಾರಾದ್ರೂ ಹಾಗೆ ಮಾಡ್ತಾರಾ? ಬ್ರಿಟಿಷ್ನೋರು ನಮ್ಮನ್ನೆಲ್ಲ ಒಂದೇ ಥರ ಗೋಳು ಹೊಯ್ಕೊಂಡ್ರಲ್ವಾ?"

'ನಮ್ಮನ್ನೆಲ್ಲ' ಎನ್ನುವಾಗ ಅವರ ದನಿಯಲ್ಲಿ ನಿಜವಾದ ಅಕ್ಕರೆಯಿತ್ತು. ಅವಳು 'ಸರಿ ಅಂಕಲ್' ಎಂದು ಫೋನ್ ಇಟ್ಟಳು. ಸಂಚಿಕೆ ಬಿಡುಗಡೆಯ ದಿನ ಅಜ್ಜಿಯ ಕಥೆ ಬರೆದವರೆಂದು ಅವಳ ಹೆಸರು ಕೂಗಿದಾಗ ಇಡೀ ಹಾಲ್ ಚಪ್ಪಾಳೆ ತಟ್ಟಿತು, ಅವಳು ಕೈ ಮುಗಿದಳು. ಕಥೆ ಬರೆಯದೆ ಇದ್ದಿದ್ದರೇ ಚೆನ್ನಾಗಿತ್ತು ಎಂದು ಆಗಲೇ ಅನ್ನಿಸಿದ್ದು.

ವಾಪಸು ಬರುವಾಗ ಕಾರಿನಲ್ಲಿ ಸಿರಿ ಆ ಚಿತ್ರವನ್ನೇ ನೋಡುತ್ತ ಕೂತಿದ್ದಳು. ಅವಳಿಗೆ ಕನ್ನಡ ಓದಲು ಬಾರದು.

"ಮಾಮ್, ಬ್ರಿಟಿಷರು ನಮ್ಮ ಮನೆ ಸುಟ್ರಾ? ದಟ್ಸ್ ಹಾರಿಬಲ್."

"ಅವ್ರಲ್ಲ ಕಂದಾ. ನಮ್ಮ ಹಾಗೇ ಕನ್ನಡ ಮಾತಾಡೋರು. ಶಿವಪ್ರಸಾದ್ ಅಂಕಲ್ ಥರದೋರು."

ಸಿರಿಗೆ ನಗು ಬಂತು. "ಅಂಕಲ್? ಹೀ ಈಸ್ ಸೋ ಸ್ವೀಟ್. ಬುಕ್ಕಲ್ಲೇ ಇದೆಯಲ್ಲ, ಮಾಮ್." ಹಿಸ್ಟರಿ ಕ್ಲಾಸಿಗೆ ಬೇಕೆಂದು ಚಿತ್ರದ ಫೋಟೋ ತೆಗೆದುಕೊಂಡಳು.

ಫೋನ್ ಹಚ್ಚಿ ನೀನೇ ಕೇಳು ಎನ್ನಲು ಅಜ್ಜಿ ಈಗಿಲ್ಲ. ಅಜ್ಜಿ ಬಿಟ್ಟುಹೋದದ್ದು ಆ ಕಥೆಯೊಂದನ್ನೇ. ಅದನ್ನು ಕೇತಮ್ಮ ತಾನೇ ಕೈಯಾರೆ ತೆಗೆದುಕೊಂಡುಹೋಗಿ ಸಾಹೇಬನಿಗೆ ಕೊಟ್ಟು ಬಂದಿದ್ದಳು.