ಎಡಗೈಯ ಬಣ್ಣ

ಚನ್ನಪಟ್ಟಣದಲ್ಲಿ ಮದುವೆ ಗೊತ್ತಾದರೆ ಮೊದಲು ಶಾದಿಮಹಲ್ ಹಿಡಿಯುತ್ತಾರೆ, ಆಮೇಲೆ ಸಫೂರಾಳನ್ನು ಹಿಡಿಯುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ಮದುಮಗಳಿಗೆ ಮೆಹಂದಿ ಹಾಕುವುದು ಅವಳ ಕೆಲಸ. ರೇಷ್ಮೆ ನೂಲು ಬಿಚ್ಚುವ ಇಮಾಮ್ ಸಾಬ್ ಮಗಳು ತಾನೊಬ್ಬಳೇ ಕಲಿತು, ತಾನೊಬ್ಬಳೇ ಬಸ್ಸು ಹತ್ತಿ ಇಳಿದು ಕಟ್ಟಿಕೊಂಡ ಹೆಸರು ಅದು. ಈ ವರ್ಷ ರಂಜಾನ್ ಕಳೆದ ಮೇಲೆ ಮದುವೆಗಳು ಒಂದರ ಮೇಲೊಂದು ಬಿದ್ದವು. ಮಣಿಕಟ್ಟಿನ ನೋವು ಮೊಣಕೈಗೆ ಏರಿತು. ಒಬ್ಬಳನ್ನು ಸಂಬಳಕ್ಕೆ ಇಟ್ಟುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಬಂದವಳು ದೊಡ್ಡಮಳೂರಿನ ಕುಸುಮ.

"ಮೆಹಂದಿ ಹಾಕಿದ್ದೀಯೇನೆ ಯಾವತ್ತಾದ್ರೂ?" ಎಂದಳು ಸಫೂರಾ.

"ಇಲ್ಲ ಕಣಕ್ಕ. ರಂಗೋಲಿ ಹಾಕ್ತೀನಿ. ನಮ್ಮ ಬೀದೀಲಿ ನಂದೇ ದೊಡ್ದು."

"ನೆಲ ಅಲ್ಲಾಡಲ್ಲ. ಮದುಮಗಳು ಅಲ್ಲಾಡ್ತಾಳೆ, ಅಳ್ತಾಳೆ, ಫೋನ್ ಬಂದ್ರೆ ಕೈ ಕಿತ್ಕೊತಾಳೆ."

"ಕುರಿಮರಿ ಕಾಲಲ್ಲಿ ಮುಳ್ಳು ತೆಗ್ದಿವ್ನಿ ಅಕ್ಕ. ಅದ್ಕಿಂತ್ಲೂ ಅಲ್ಲಾಡ್ತಾರಾ?"

ಸಫೂರಾ ನಕ್ಕುಬಿಟ್ಟಳು. ಆ ನಗುವಿನಲ್ಲೇ ಕೆಲಸ ಖಾಯಂ ಆಯಿತು.

ಮದುಮಗಳನ್ನು ನಡುವೆ ಕೂರಿಸಿ ಬಲಗೈಗೆ ಸಫೂರಾ, ಎಡಗೈಗೆ ಕುಸುಮ ಕೂರುತ್ತಿದ್ದರು. ಮೊದಮೊದಲು ಎಡಗೈ ಬಲಗೈಯ ನೆರಳಿನಂತೆ ಹಿಂದೆಯೇ ಬರುತ್ತಿತ್ತು. ಮಳೆಗಾಲ ಹಿಡಿಯುವ ಹೊತ್ತಿಗೆ ಅದು ತನ್ನ ದಾರಿ ತಾನು ಹಿಡಿಯಿತು. ಕುಸುಮ ಬರೆದ ಬಳ್ಳಿ ಅಂಗೈಯೊಳಗಿಂದಲೇ ಚಿಗುರಿ ಬೆರಳಿಗೆ ಹಬ್ಬಿದ ಹಾಗಿರುತ್ತಿತ್ತು. ಹೆಂಗಸರು ಬಲಗೈ ನೋಡಿ "ಚೆನ್ನಾಗೈತೆ" ಎನ್ನುತ್ತಿದ್ದರು. ಎಡಗೈ ನೋಡಿ ಸುಮ್ಮನಾಗುತ್ತಿದ್ದರು. ಹೊಗಳಿದ್ದರೆ ಸಫೂರಾ ತಡೆದುಕೊಳ್ಳುತ್ತಿದ್ದಳೇನೋ. ಆ ಮೌನ ಎದೆಯಲ್ಲಿ ಮುರಿದ ಮುಳ್ಳಾಯಿತು. ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ತನ್ನ ಕೈಮೇಲೆ ಅದೇ ಬಳ್ಳಿ ಬರೆದು ನೋಡಿದಳು. ಎಲೆ ಬಂತು, ಹೂ ಬಂತು, ಅದರೊಳಗಿನ ಗಾಳಿ ಬರಲಿಲ್ಲ. ಉಜ್ಜಿ ಉಜ್ಜಿ ತೊಳೆದಳು.

ಹೀಗಿರುವಾಗ ರಾಮನಗರದಿಂದ ದಿಲ್ಶಾದ್ ಎಂಬಾಕೆಯ ಫೋನ್ ಬಂತು. ಮಗಳು ಶೀಬಾಳ ಮದುವೆ.

"ಆಪಾ, ನಿಮ್ಮ ಜೊತೆ ಬರೋ ಹುಡುಗೀನ ಮರೀದೆ ಕರ್ಕೊಂಬನ್ನಿ. ನಮ್ಮ ಶೀಬಾ ಅವಳ ಕೈನೇ ಕೇಳ್ತಾವ್ಳೆ."

"ಆಯ್ತು," ಎಂದಳು ಸಫೂರಾ.

ಮೆಹಂದಿ ತುಂಬಿದ ಕೋನ್‌ಗಳನ್ನು ಅವಳು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಹೊರಗೆ ಉಳಿದರೆ ಅದರ ಜೀವ ಹೋಗುತ್ತದೆ; ನೋಡಲು ಹಾಗೇ ಇರುತ್ತದೆ, ಬಣ್ಣ ಮಾತ್ರ ಕೂರುವುದಿಲ್ಲ. ಇದನ್ನು ಕುಸುಮಳಿಗೆ ಅವಳು ಹೇಳಿಕೊಟ್ಟಿರಲಿಲ್ಲ. ಹೊರಡುವಾಗ ಕಿಟಕಿಯ ಬಿಸಿಲಲ್ಲಿ ದಿನಗಟ್ಟಲೆ ಬಿದ್ದಿದ್ದ ಕೋನ್‌ಗಳನ್ನೂ ಚೀಲಕ್ಕೆ ಹಾಕಿಕೊಂಡಳು. ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ತನಗೆ ತಾನೇ ಹೇಳಿಕೊಂಡಳು. ರಾಮನಗರದಲ್ಲಿ ಶೀಬಾಳ ಎಡಗೈಗೆಂದು ಅವನ್ನು ಕುಸುಮಳ ಕೈಗೆ ಕೊಡುವಾಗ ಏನನ್ನೂ ಹೇಳಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ದಿಲ್ಶಾದ್ ಅಳುತ್ತಾ ಫೋನ್ ಮಾಡಿದಳು. ಇಬ್ಬರೂ ಬಸ್ಸು ಹಿಡಿದು ಓಡಿದರು. ಶೀಬಾ ಎರಡೂ ಕೈ ಚಾಚಿದಳು. ಬಲಗೈ ಮಾವಿನ ಚಿಗುರಿನ ಹಾಗೆ ಕೆಂಪೇರಿತ್ತು. ಎಡಗೈಯಲ್ಲಿ ಆ ಬಳ್ಳಿ ಅರಿಶಿನದ ನೀರಿನಲ್ಲಿ ಬರೆದಂತೆ ಇತ್ತು. ಸಂಜೆಗೆ ನಿಕಾಹ್.

ಮದುಮಗಳ ಸೋದರತ್ತೆ ಜಹೀದಾ, ಕುಸುಮಳಿಗೂ ತಿಳಿಯಲೆಂದೇ ಕನ್ನಡದಲ್ಲಿ ಅಂದಳು: "ಕೈಗುಣ ಕಣಮ್ಮ. ಎಲ್ಲರ ಕೈಯಲ್ಲೂ ಬಣ್ಣ ಕೂರುತ್ತಾ?"

ಕುಸುಮ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು ಸಫೂರಾಳ ಕಡೆ ತಿರುಗಿದಳು. "ಇದ್ರೂ ಇರ್ಬೋದು ಅಕ್ಕ. ನಾನು ಈ ಕೆಲಸ ಬುಟ್ಬುಡ್ತೀನಿ."

ಸಫೂರಾ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು. ಎಲ್ಲ ಮೊದಲಿನಂತೆ ಆಗುತ್ತಿತ್ತು: ಎರಡೂ ಕೈ ಅವಳದೇ, ಹೆಸರೂ ಅವಳದೇ. ಅವಳು ಚೀಲ ಬಿಚ್ಚಿದಳು. ಹೊಸ ಕೋನ್ ತೆಗೆದು, ಅದೇ ಗೆರೆಯ ಮೇಲೆ ತಿದ್ದಿದರೆ ಸಂಜೆಗೆ ಒಂದಿಷ್ಟಾದರೂ ಬಣ್ಣ ಏರುತ್ತದೆ ಎಂದು ಎಡಗೈ ಹಿಡಿದಳು. ಇನ್ನೊಬ್ಬರ ಬಳ್ಳಿಯ ಮೇಲೆ ನಡೆಯುವುದು ಅಷ್ಟು ಸುಲಭವಾಗಿರಲಿಲ್ಲ. ಎಲ್ಲಿ ಬಾಗುತ್ತದೆ ಎಂದುಕೊಂಡಳೋ ಅಲ್ಲಿ ಅದು ಬಾಗಲಿಲ್ಲ. ಗೆರೆ ಜಾರಿ ದಪ್ಪವಾಯಿತು.

ಶೀಬಾ ಕೈ ಎಳೆದುಕೊಂಡಳು. "ಬೇಡ ಆಪಾ. ಅವಳೇ ಹಾಕ್ಲಿ."

"ಮತ್ತೆ ಆ ಕೈಗಾ?" ಎಂದಳು ಜಹೀದಾ.

"ತಪ್ಪು ಕೈಯದಲ್ಲ, ಕೋನಿನದು," ಎಂದಳು ಸಫೂರಾ. "ಕೆಟ್ಟಿದೆ ಅಂತ ಗೊತ್ತಿದ್ದೂ ನಾನೇ ಕೊಟ್ಟೆ."

"ಯಾಕಾಪಾ?" ದಿಲ್ಶಾದಳಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಜಹೀದಾಳಿಗೆ ತಿಳಿಯಿತು.

"ಅಯ್ಯೋ, ನಿನ್ನ ಹೊಟ್ಟೆಕಿಚ್ಚಿಗೆ ನಮ್ಮ ಮದುವೆಮನೇನೇ ಬೇಕಿತ್ತೇನಮ್ಮ?"

ಕುಸುಮ ಸಫೂರಾಳ ಮುಖ ನೋಡಲಿಲ್ಲ. ಕೋನ್ ಇಸಿದುಕೊಂಡು ಕೂತಳು. ದಪ್ಪಗಾದ ಗೆರೆಯನ್ನು ಒಂದು ಎಲೆ ಮಾಡಿ ಮುಂದೆ ಹೋದಳು. ಸಫೂರಾ ಪಕ್ಕದಲ್ಲಿ ಕೂತು, ಒಣಗುತ್ತಾ ಬಂದ ಕಡೆ ಬಣ್ಣ ಏರಲೆಂದು ಸಕ್ಕರೆ ಬೆರೆಸಿದ ನಿಂಬೆರಸ ಒತ್ತಿದಳು. ಅಷ್ಟು ಹತ್ತಿರದಿಂದ ಆ ಬೆರಳುಗಳನ್ನು ಅವಳು ಎಂದೂ ನೋಡಿರಲಿಲ್ಲ. ನೋಡಿದಷ್ಟೂ ಒಳಗೆ ಉರಿಯಿತು.

ವಾಪಸ್ಸು ಬರುವ ಬಸ್ಸಿನಲ್ಲಿ ಕುಸುಮ ಅಂದಳು:

"ಮಾಗಡೀಲಿ ಒಪ್ಕೊಂಡಿರೋ ಮದ್ವೆಗೆ ಬತ್ತೀನಿ ಅಕ್ಕ. ಆದ್ರೆ ಮೆಹಂದಿ ನಾನೇ ಕಲಸ್ಕೊತೀನಿ. ಹೆಂಗೆ ಅಂತ ಹೇಳ್ಕೊಡಿ."

ಸಫೂರಾಳಿಗೆ ತನ್ನದೆಂದು ಉಳಿದಿದ್ದದ್ದು ಆ ಕಲಸುವ ಗುಟ್ಟೊಂದೇ.

"ಬೆಳಿಗ್ಗೆ ಒಸಿ ಬೇಗ ಬಾ," ಎಂದಳು.

ಕುಸುಮ ಕಿಟಕಿಯ ಧೂಳಿನ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದಳು. ಬೇಡ ಬೇಡವೆಂದರೂ ಸಫೂರಾಳ ಕಣ್ಣು ಅಲ್ಲಿಗೇ ಹೋಯಿತು.