ಮಾವನ ಗಡ್ಡದ ನೊರೆ

ನಮ್ಮ ಮಾವನವರ ಗಡ್ಡದ ಕೂದಲು ಗಂಟಲಿನ ಎಡಭಾಗದಲ್ಲಿ ಸುಳಿ ಸುತ್ತಿಕೊಂಡು ಬೆಳೆಯುತ್ತಿತ್ತು. ರೇಜರನ್ನು ಮೇಲಿನಿಂದ ಕೆಳಕ್ಕೆ ಎಳೆದರೂ ಸಿಗುತ್ತಿರಲಿಲ್ಲ, ಕೆಳಗಿನಿಂದ ಮೇಲಕ್ಕೆ ಎಳೆದರೂ ಸಿಗುತ್ತಿರಲಿಲ್ಲ. ಚರ್ಮವನ್ನು ಹೆಬ್ಬೆರಳಿನಿಂದ ಕಿವಿಯ ಕಡೆಗೆ ಎಳೆದು ಹಿಡಿದು ಅಡ್ಡಡ್ಡವಾಗಿ ಹೆರೆಯಬೇಕಿತ್ತು. ನನ್ನ ಗಂಡನ ಮುಖದಲ್ಲಿ ಕೂದಲು ಯಾವ ಕಡೆಗೆ ತಿರುಗಿದೆ ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ. ಮಾವನ ಮುಖ ಮಾತ್ರ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ.

ಅವರು ಲಾರಿ ಡ್ರೈವರ್ ಆಗಿದ್ದವರು. ತಿಪಟೂರಿನ ಮಂಡಿಗಳಲ್ಲಿ ಕೊಬ್ಬರಿ ತುಂಬಿಕೊಂಡು ಉತ್ತರದ ಊರುಗಳಿಗೆ ಹೋಗುವುದು, ಬರುವಾಗ ಸಿಕ್ಕ ಲೋಡು ಹಾಕಿಕೊಂಡು ಬರುವುದು, ಎಷ್ಟೋ ವರ್ಷ ಅದೇ ಅವರ ಬದುಕು. ನಾನು ಹೊನ್ನವಳ್ಳಿ ಹತ್ತಿರದ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು, ಮಾವ ಲಾರಿ ಬಿಟ್ಟು ಒಂದು ಸಣ್ಣ ಟೆಂಪೊ ಇಟ್ಟುಕೊಂಡು ಸುತ್ತಲ ಊರಿನವರ ತೆಂಗಿನಕಾಯಿ, ಕೊಬ್ಬರಿ ಸಾಗಿಸುತ್ತಿದ್ದರು. ಲಾರಿ ಬಿಟ್ಟಿದ್ದರೂ ಮೈಯೊಳಗಿನ ಇಂಜಿನ್ ಆಫ್ ಆಗಿರಲಿಲ್ಲ. ಉಣ್ಣುವಾಗಲೂ ಒಂದು ಮೊಣಕಾಲು ಕುಣಿಯುತ್ತಿತ್ತು. ಟೀವಿ ಮುಂದೆ ಕೂರಿಸಿದರೆ ಜಾಹೀರಾತು ಬರುವಷ್ಟರಲ್ಲಿ ಎದ್ದು ತೋಟಕ್ಕೆ ಹೋಗಿರುತ್ತಿದ್ದರು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಉಂಡು, ಗಾಡಿಯಲ್ಲಿ ಕೂತು ಹಾರನ್ ಹೊಡೆಯುತ್ತಿದ್ದರು. ನಾವು ಕೈ ಒರೆಸಿಕೊಳ್ಳುತ್ತಲೇ ಓಡಿಬರಬೇಕು.

ಅವರು ನೆಮ್ಮದಿಯಾಗಿ ಕೂರುತ್ತಿದ್ದುದು ಬೆಳಗ್ಗೆ ಗಡ್ಡ ಮಾಡಿಕೊಳ್ಳುವಾಗ ಮಾತ್ರ. ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಹಂಡೆಯ ಬಿಸಿನೀರಲ್ಲಿ ಬ್ರಶ್ಶು ನೆನೆಸಿ, ಸ್ಟೀಲ್ ಬಟ್ಟಲಿನ ತಳಕ್ಕೆ ಅಂಟಿಕೊಂಡ ದುಂಡನೆಯ ಸೋಪಿನ ಮೇಲೆ ಅದನ್ನು ತಿರುಗಿಸುತ್ತಲೇ ಇರುತ್ತಿದ್ದರು. ನೊರೆ ಬೆಣ್ಣೆಯ ಹಾಗೆ ಬ್ರಶ್ಶಿನ ತುದಿಯಲ್ಲಿ ನಿಲ್ಲುವ ತನಕ ಮುಖಕ್ಕೆ ಮುಟ್ಟಿಸುತ್ತಿರಲಿಲ್ಲ. ದಿನಾ ಆಗಲೇಬೇಕು, ಹಬ್ಬವಿರಲಿ, ಜ್ವರವಿರಲಿ.

"ಗಡ್ಡ ಬಿಟ್ಟಿರೋ ಡ್ರೈವರ್‌ನ ಎಲ್ಲಾ ಚೆಕ್‌ಪೋಸ್ಟ್‌ನಾಗೂ ಇಳಿಸ್ತಾರೆ ಕಣವ್ವ. ಮೋರೆ ನುಣ್ಣಗಿದ್ರೆ ಕೈ ತೋರಿಸಿ ಮುಂದಕ್ಕೆ ಕಳಿಸ್ತಾರೆ," ಅನ್ನುತ್ತಿದ್ದರು.

ನನ್ನ ಗಂಡನಿಗೆ ತಿಪಟೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಅವರು ಬಳಸುತ್ತಿದ್ದುದು ಟ್ಯೂಬಿನ ಕ್ರೀಮು. ಅದನ್ನು ಕಂಡರೆ ಮಾವನಿಗೆ ನಗು. "ನೋಡವ್ವ ನಿನ್ ಗಂಡನ್ನ, ಹಲ್ಲುಜ್ಜೋ ಪೇಸ್ಟ್‌ನ ಕೆನ್ನೆಗೆ ಬಳ್ಕಂತಾನೆ."

ಒಂದು ಬೆಳಗ್ಗೆ ತೋಟದ ಬದುವಿನ ಮೇಲೆ ಬಿದ್ದರು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಾತು ಹೆಚ್ಚುಕಡಿಮೆ ಸರಿಯಾಗಿತ್ತು, ಆದರೆ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಮುಖದ ತುಂಬ ಬಿಳಿ ಗಡ್ಡ. ಕೈಕಾಲಿಗಿಂತ ಆ ಗಡ್ಡವೇ ಅವರನ್ನು ಹೆಚ್ಚು ಕಾಡಿತು. ಎಡಗೈಯಿಂದ ಅದನ್ನು ಉಜ್ಜಿ, ಕೆರೆದು, ಮತ್ತೆ ಅದೇ ಕೈಯಲ್ಲಿ ಕೋಲು ಊರಿಕೊಂಡು ಜಗಲಿಯ ಈ ಕಂಬದಿಂದ ಆ ಕಂಬಕ್ಕೆ ಕಾಲೆಳೆಯುತ್ತಾ ಓಡಾಡುತ್ತಿದ್ದರು. ಕ್ಷೌರದವರು ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ನನ್ನ ಗಂಡ ಬೆಳಗ್ಗೆಯೇ ಅಂಗಡಿಗೆ ಓಡುವವರು.

ಒಂದು ದಿನ ತಾವೇ ಕೂತರು. ಎಡಗೈಯಲ್ಲಿ ಬ್ರಶ್ಶು ಹಿಡಿದು ತಿರುಗಿಸಿದರೆ ಬ್ರಶ್ಶಿನ ಜೊತೆ ಬಟ್ಟಲೂ ತಿರುಗಿತು. ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲ. ತೊಡೆಗಳ ಮಧ್ಯೆ ಅದುಮಿಕೊಂಡರು, ಬಲಗಾಲು ಸಡಿಲವಾಗಿ ಬಟ್ಟಲು ಜಾರಿ, ಕಲ್ಲಿನ ಮೇಲೆ ಠಣಾರನೆ ಬಿದ್ದು ಅಂಗಳಕ್ಕೆ ಉರುಳಿತು. ನಾನು ಓಡಿಹೋಗಿ ಎತ್ತಿಕೊಂಡೆ.

"ಕೊಡಿ ಮಾವ, ನಾನು ಮಾಡ್ತೀನಿ."

"ಬ್ಯಾಡ ಬುಡವ್ವ. ಸೊಸೆ ಕೈಲಿ ಗಡ್ಡ ಹೆರೆಸ್ಕಂಡ ಅಂತಾರೆ."

"ಯಾರಂತಾರೆ? ಗೇಟ್ ಹಾಕ್ಕಂಡು ಬತ್ತೀನಿ."

ಗೇಟು ಹಾಕಿ ಬಂದೆ. ಆದರೂ ಪಕ್ಕದ ಮನೆಯ ಅಕ್ಕ ಕಾಂಪೌಂಡಿನ ಮೇಲಿಂದ ನೋಡಿದಳು. ನೋಡಿ ಒಳಗೆ ಹೋದಳು.

ಅದುವರೆಗೆ ನಾನು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದೆ, ಅಷ್ಟೆ. ಅವತ್ತು ಅವರ ಗಲ್ಲ ಹಿಡಿದು ಎತ್ತಬೇಕಾಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನನ್ನ ಕೈ ನಿಧಾನ. ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ಸೋಪು ಒಣಗಿ ಸುಣ್ಣದ ಹಾಗೆ ಹಕ್ಕಳೆ ಕಟ್ಟಿತ್ತು. ಅದರ ಮೇಲೆ ಎಳೆದ ಬ್ಲೇಡು ಸಿಕ್ಕಿಕೊಂಡು ಚರ್ಮ ಕತ್ತರಿಸಿತು. ಬಲಗೆನ್ನೆಗೆ ಸ್ಪರ್ಶವೇ ಇರಲಿಲ್ಲ. ಅವರಿಗೆ ಗೊತ್ತಾಗಿದ್ದು ಕನ್ನಡಿಯಲ್ಲಿ ರಕ್ತ ಕಂಡಾಗ. ನಾನು ರೇಜರ್ ಕೆಳಗಿಟ್ಟೆ.

"ಟಯರ್‌ಗೆ ಮೊಳೆ ಚುಚ್ಚಿದ್ರೆ ಗಾಡಿಗೆ ನೋವಾಯ್ತದಾ? ಎಳಿ, ಮುಂದಕ್ಕೆಳಿ," ಅಂದರು.

ಗಂಡನ ಟ್ಯೂಬು ಖಾಲಿಯಾಗಿತ್ತು, ಮಾವನಿಗೆಂದೇ ಒಂದು ಕ್ರೀಮು ತರಲು ಅವತ್ತೇ ತಿಪಟೂರಿಗೆ ಬಸ್ಸು ಹತ್ತಿದೆ. ಅಂಗಡಿಯವರು ಟ್ಯೂಬುಗಳನ್ನು ಸಾಲಾಗಿ ಇಟ್ಟು, "ಯಾವ್ದು ಕೊಡ್ಲಮ್ಮ?" ಎಂದರು. "ಬೇಗ ಒಣಗದೇ ಇರೋದು," ಎಂದೆ. ಅವರಿಗೆ ಅಷ್ಟು ಹೊತ್ತಿಗೆ ಬೇರೆ ಗಿರಾಕಿ ಬಂದಿದ್ದರಿಂದ ಒಂದನ್ನು ಕಟ್ಟಿಕೊಟ್ಟರು. ಮನೆಗೆ ಬಂದು ಬಚ್ಚಲಲ್ಲಿ ಕೂತು ಒಂದು ಮುಂಗೈಗೆ ಸೋಪಿನ ನೊರೆ, ಇನ್ನೊಂದಕ್ಕೆ ಕ್ರೀಮಿನ ನೊರೆ ಬಳಿದುಕೊಂಡು ಯಾವುದು ಮೊದಲು ಒಣಗುತ್ತದೆ ಎಂದು ಕಾದೆ. ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ನಾನು ಎರಡೂ ಕೈ ಚಾಚಿಕೊಂಡು ಕೂತಿದ್ದೆ. ಸೋಪು ಚುರುಚುರು ಅಂದು ಬಿಗಿಯಿತು. ಕ್ರೀಮು ಒದ್ದೆಯಾಗಿಯೇ ಇತ್ತು.

ಮಾವ ಟ್ಯೂಬನ್ನು ಮೂಸಿ ಮುಖ ತಿರುಗಿಸಿದರು. "ಸೋಪು ಕಡೆದ್ರೆ ನೊರೆ. ಇದೇನು, ತಾನೇ ತಾನಾಗಿ ಬತ್ತದೆ! ಬ್ಯಾಡ."

"ಮಾವ, ನಿಮ್ಮ ರಕ್ತ ನೋಡೋಕೆ ನನ್ ಕೈಲಾಗಲ್ಲ. ಇದನ್ನ ಹಚ್ಚಿಸ್ಕಂಡ್ರೆ ದಿನಾ ಮಾಡ್ತೀನಿ. ಇಲ್ಲ ಅಂದ್ರೆ ಭಾನುವಾರದ ತನಕ ಕಾಯಿರಿ."

ಹಟ ಹಿಡಿದರು. ಗಡ್ಡ ಬೆಳೆಯಿತು. ಕೋಲಿನ ಸದ್ದು ದಿನವಿಡೀ ಜಗಲಿಯ ಮೇಲೆ ಟಕ್ ಟಕ್ ಎಂದು ಓಡಾಡಿತು. ಕಡೆಗೊಂದು ಬೆಳಗ್ಗೆ ಅವರೇ ಕೂಗಿದರು: "ಆ ಪೇಸ್ಟ್ ತಗಂಬಾರವ್ವ, ಕೆರೆದೂ ಕೆರೆದೂ ಸಾಕಾಯ್ತು!"

ಕ್ರೀಮಿನಲ್ಲಿ ಕೆಲಸ ಬೇಗ ಮುಗಿಯಿತು, ಒಂದು ಗೀರೂ ಬೀಳಲಿಲ್ಲ. ನಾನು ಖುಷಿಯಲ್ಲಿ ಮುಖ ಒರೆಸಿದೆ. ಅವರು ಕೆನ್ನೆ ಸವರಿಕೊಂಡು ನನ್ನನ್ನು ನೋಡಿದರು.

"ಆಯ್ತಾ? ಈಗೇನ್ ಮಾಡ್ಲಿ?"

ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ನುಣ್ಣನೆಯ ಮುಖ ಇಟ್ಟುಕೊಂಡು ಅವರು ಇಡೀ ದಿನ ಎಲ್ಲಿಗೂ ಹೋಗುವಂತಿರಲಿಲ್ಲ. ಅಡುಗೆ ಮನೆಯಲ್ಲಿದ್ದವಳನ್ನು ಕರೆದು ಕರೆದು ಟೈಮು ಕೇಳಿದರು. ರಸ್ತೆಯಲ್ಲಿ ಗಾಡಿ ಹೋದರೆ ಯಾವ ಗೇರಿನಲ್ಲಿ ಹೋಯಿತು ಎಂದು ಹೇಳಿ ಬೈದರು. ಶೆಡ್ಡಿನಲ್ಲಿದ್ದ ಟೆಂಪೊ ಸುತ್ತ ಕೋಲೂರಿಕೊಂಡು ಸುತ್ತಿದರು.

ಆ ಟೆಂಪೊ ಮಾರಿಬಿಡುವುದು ಎಂದು ನನ್ನ ಗಂಡ ತೀರ್ಮಾನಿಸಿದ್ದರು. ದಂಡಿನಶಿವರದಿಂದ ಯಾರೋ ಬಂದು ನೋಡಿಕೊಂಡೂ ಹೋಗಿದ್ದರು. ಮಾರನೆಯ ಬೆಳಗ್ಗೆ ನಾನು ನೊರೆ ಹಚ್ಚುತ್ತಿದ್ದಾಗ ಮಾವ ಕೇಳಿದರು.

"ನಿಂಗೆ ಸೈಕಲ್ ಬತ್ತದಾ?"

"ಸ್ಕೂಟರ್ರೂ ಬರ್ತದೆ ಮಾವ. ಕಾಲೇಜಿಗೆ ಅದ್ರಲ್ಲೇ ಹೋಗ್ತಿದ್ದೆ."

"ಹಂಗಾರೆ ಟೆಂಪೊನೂ ಬತ್ತದೆ. ಇವತ್ತೇ ಶುರು ಮಾಡು."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನೊರೆ ತುಂಬಿದ ಮುಖದಲ್ಲೇ ಹೇಳಿದರು: "ನೀನೂ ನನ್ನಂಗೇ ಕಣವ್ವ. ದಿನಕ್ಕೆ ಅದೆಷ್ಟು ಸಲ ಗೇಟಿನ ತನಕ ಹೋಗಿ, ರೋಡು ನೋಡಿ, ವಾಪಸ್ ಬತ್ತೀಯ. ನಾನು ಕಂಡಿಲ್ಲ ಅನ್ಕಂಡ್ಯಾ?"

ನನ್ನ ಕೈ ನಿಂತಿತು. ಡಿಗ್ರಿ ಮುಗಿಸಿ ಈ ಮನೆಗೆ ಬಂದು ಎಷ್ಟೋ ವರ್ಷವಾಗಿತ್ತು. ಒಳಗೆ ಉಸಿರು ಕಟ್ಟಿದಂತಾಗುತ್ತದೆ ಎಂದು ನಾನು ನನ್ನ ಅಮ್ಮನಿಗೂ ಹೇಳಿದವಳಲ್ಲ.

ಸಂಜೆ ನನ್ನ ಗಂಡ ಕೂಗಾಡಿದರು. "ಅಪ್ಪ, ನಿಂಗೇನು ತಲೆ ಕೆಟ್ಟೈತಾ? ಇವಳು ಲೋಡ್ ಗಾಡಿ ಓಡಿಸ್ತಾಳಾ?"

ಮಾವ ತಮ್ಮ ಗಂಟಲಿಗೆ ಬೆರಳಿಟ್ಟು ತೋರಿಸಿದರು. "ದಿನಾ ಬೆಳಗ್ಗೆ ಇಲ್ಲಿ ಬ್ಲೇಡು ಓಡಿಸ್ತಾಳೆ ಕಣ್ಲಾ. ರೋಡ್ ಮೇಲೆ ಗಾಡಿ ಓಡಿಸಲ್ವಾ?"

ಮಾರುವ ಮಾತು ಅಲ್ಲಿಗೆ ನಿಂತಿತು.

ಕೆರೆಯ ಹಿಂದಿನ ಬೀಳು ಹೊಲದಲ್ಲಿ ಕಲಿತೆ. ಮಾವ ಎಡಗಡೆ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ಗುದ್ದುತ್ತಿದ್ದರು. "ಬುಡು, ಬುಡು, ನಿಧಾನಕ್ಕೆ ಕ್ಲಚ್ ಬುಡು! ಹಿಂಗೆ ಎಗರಿಸಿದ್ರೆ ಕಾಯೆಲ್ಲ ರೋಡ್ ಪಾಲು!" ನಾನು ಅಳುತ್ತಾ, ಸಿಟ್ಟು ಮಾಡಿಕೊಂಡು ಗಾಡಿಯಿಂದ ಇಳಿದು ನಡೆದುಬಿಟ್ಟೆ, ಹಾರನ್ ಕೇಳಿ ವಾಪಸ್ ಬಂದೆ. ಲೈಸೆನ್ಸ್ ಬಂತು. ಮೊದಲ ಲೋಡು ತಿಪಟೂರಿನ ಮಾರುಕಟ್ಟೆಗೆ ಒಯ್ದ ದಿನ ಹಮಾಲಿಗಳೆಲ್ಲ ನನ್ನ ಕಡೆಯೇ ನೋಡುತ್ತಿದ್ದರೆ, ಮಾವ ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿಕೊಂಡು ರಾಜನ ಹಾಗೆ ಕೂತಿದ್ದರು. ಆಮೇಲೆ ಸಂಪಿಗೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕರೆದಲ್ಲಿಗೆಲ್ಲ ಹೋದೆವು. ಬೆಳಗ್ಗೆ ಕ್ರೀಮು ಹಚ್ಚಿ ಮುಖ ಮುಗಿಸುವಷ್ಟರಲ್ಲಿ ಅವರ ಕಾಲು ಚಪ್ಪಲಿ ಹುಡುಕುತ್ತಿತ್ತು. "ಬಿರ್ರನೆ ಮಾಡವ್ವ, ಬಿರ್ರನೆ." ಒಂದೊಂದು ದಿನ ಕಿವಿಯ ಹಿಂದೆ ನೊರೆ ಹಾಗೇ ಉಳಿದಿರುತ್ತಿತ್ತು, ಮಾರುಕಟ್ಟೆಯಲ್ಲಿ ನನ್ನ ಸೆರಗಿನಿಂದ ಒರೆಸುತ್ತಿದ್ದೆ.

ಹೀಗೆ ವರ್ಷದ ಮೇಲಾಯಿತು. ಮತ್ತೆ ಲಕ್ವ ಹೊಡೆಯಿತು. ಈ ಸಲ ಗಾಡಿ ಹತ್ತುವುದಿರಲಿ, ದಿಂಬಿಲ್ಲದೆ ಕೂರಲೂ ಆಗಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಎಂದಿನಂತೆ ಟ್ಯೂಬು ತಂದಾಗ ತಲೆ ಅಲ್ಲಾಡಿಸಿದರು.

"ಸೋಪು ತತ್ತಾ."

"ಅದು ಒಣಗ್ತದೆ ಮಾವ."

"ಒಣಗ್ಲಿ ಬುಡು. ಇನ್ನೊಂದು ಸಲ ಹಚ್ಚು. ಈಗ ನಂಗೇನು ಲೋಡ್ ಐತಾ?"

ನಾನು ಬಟ್ಟಲು ಹಿಡಿದುಕೊಂಡೆ. ಅವರು ಎಡಗೈಯಲ್ಲಿ ಬ್ರಶ್ಶು ಹಿಡಿದು ತಿರುಗಿಸಿದರು. ಕೈ ಸೋತು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ನೊರೆ ಏಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಎಲ್ಲಿಗೂ ಹೋಗಬೇಕು ಅನ್ನುತ್ತಿರಲಿಲ್ಲ, ಟೈಮು ಕೇಳುತ್ತಿರಲಿಲ್ಲ. ತೊದಲುತ್ತಲೇ ದಾರಿಗಳ ಕಥೆ ಹೇಳುತ್ತಿದ್ದರು: ಚಳಿಗಾಲದ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡೇ ಓಡಿಸಿದ್ದು, ಭಾಷೆ ಬಾರದ ಊರಿನಲ್ಲಿ ಮುದುಕಿಯೊಬ್ಬಳು ಕರೆದು ರೊಟ್ಟಿ ಕೊಟ್ಟಿದ್ದು. ಚಡಪಡಿಕೆ ಈಗ ನನಗೆ. ಹೊರಗೆ ಲೋಡು ಕಾಯುತ್ತಿದ್ದರೂ ಬಟ್ಟಲು ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ.

ಕೊನೆಯ ದಿನವೂ ಹಾಗೇ ಕೂತಿದ್ದೆವು. ಸಂಪಿಗೆಯಿಂದ ಫೋನು ಬಂತು, ಕೊಬ್ಬರಿ ಮೂಟೆ ಕಟ್ಟಿಟ್ಟಿದ್ದಾರೆ. ಮಾವ, "ಹೋಗವ್ವ, ಪಾರ್ಟಿನ ಕಾಯಿಸ್ಬಾರ್ದು," ಎಂದು ಅವಸರ ಮಾಡಿದರು. ಉಳಿದದ್ದನ್ನು ಮುಗಿಸಿ, ಮುಖ ಒರೆಸಿ, ಪಕ್ಕದ ಮನೆಯ ಅಕ್ಕನನ್ನು ಅವರ ಬಳಿ ಕೂರಿಸಿ ಹೊರಟೆ. ತಿಪಟೂರಿನಲ್ಲಿ ಮೂಟೆ ಇಳಿಸುತ್ತಿದ್ದಾಗ ನನ್ನ ಗಂಡ ಅಂಗಡಿಯಿಂದ ನಡೆದುಕೊಂಡು ಬಂದರು. ಅವರ ಮುಖ ನೋಡಿದ ಕೂಡಲೇ ತಿಳಿಯಿತು. ಕೀಗಾಗಿ ಕೈ ಚಾಚಿದರು. "ನೀವು ಕೂತ್ಕಳಿ," ಎಂದೆ. ದಾರಿಯುದ್ದಕ್ಕೂ ಅವರು ಎಡಗಡೆ ಕೂತು ಅತ್ತರು. ನಾನು ರಸ್ತೆ ನೋಡುತ್ತಿದ್ದೆ.

ಮನೆಯಲ್ಲಿ ಆಗಲೇ ನೆಂಟರು ಸೇರಿದ್ದರು. ಮೈ ತೊಳೆಯುವ ಮುಂಚೆ ಕ್ಷೌರದವರಿಗೆ ಹೇಳಿ ಕಳಿಸಬೇಕು ಎಂದು ದೊಡ್ಡವರೊಬ್ಬರು ಎದ್ದವರು, ಬಗ್ಗಿ ಮಾವನ ಕೆನ್ನೆ ಮುಟ್ಟಿ ನೋಡಿ ನಿಂತರು.

"ಇವತ್ತೇ ಆದಂಗೈತಲ್ಲ. ಯಾರು ಮಾಡಿದ್ದು?"

"ಅವಳೇ," ಎಂದರು ನನ್ನ ಗಂಡ.

ಪಕ್ಕದ ಮನೆಯ ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು.

ಅವರನ್ನು ಹೊರಗೆ ಮಲಗಿಸಲು ಅಂಗಳ ಖಾಲಿ ಮಾಡಬೇಕಿತ್ತು. ಬಂದ ಅವಸರದಲ್ಲಿ ನಾನು ಟೆಂಪೊವನ್ನು ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ್ದೆ. "ಕೀ ಕೊಡವ್ವ, ನಾವು ತೆಗೀತೀವಿ," ಎಂದು ಯಾರೋ ಕೇಳಿದರು. ಬೇಡ ಎಂದು ನಾನೇ ಹತ್ತಿದೆ. ಒಂದು ಕಡೆ ನೀರಿನ ತೊಟ್ಟಿ, ಇನ್ನೊಂದು ಕಡೆ ಚಪ್ಪರಕ್ಕೆ ನೆಟ್ಟ ಬಿದಿರಿನ ಗಳ, ನಡುವೆ ಜನ. ರಿವರ್ಸ್ ಹಾಕಿ, ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟೆ. ಜನ ಸರಿದು ದಾರಿ ಕೊಟ್ಟರು. ಒಂದೇ ಸಲಕ್ಕೆ ಗೇಟು ದಾಟಿಸಿ ರಸ್ತೆಯ ಪಕ್ಕ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಒಳಗೆ ಬಂದೆ. ಬಂದು ಅವರ ಪಕ್ಕದಲ್ಲಿ ಕೂತವಳು, ಅವರನ್ನು ಎತ್ತುವ ತನಕ ಅಲ್ಲಿಂದ ಏಳಲಿಲ್ಲ.