ಚನ್ನವೀರಮ್ಮ ಹಾಕಿಕೊಂಡ ಸೂಜಿ

ಉಟ್ಕೂರಿನ ಹಾಲಿನ ಕೇಂದ್ರಕ್ಕೆ ಹದಿನಾರು ವರ್ಷಗಳಿಂದ ಚನ್ನವೀರಮ್ಮನೇ ದಿಕ್ಕು. ಕ್ಯಾನಿನ ಮುಚ್ಚಳ ತೆಗೆದು ಮೂಸಿದರೆ ಸಾಕು, ಹಾಲು ಇವತ್ತಿನದೋ ನಿನ್ನೆ ಸಂಜೆಯದೋ ಎಂದು ಹೇಳಿಬಿಡುತ್ತಾಳೆ. ಮುಖ ನೋಡಿ ಹಾಲು ತೆಗೆದುಕೊಂಡವಳಲ್ಲ. ಸ್ವಂತ ಮೈದುನನ ಕ್ಯಾನನ್ನೂ ಒಮ್ಮೆ ವಾಪಸ್ಸು ಕಳಿಸಿದ್ದಳು.

ನಲವತ್ತೆಂಟು ವರ್ಷದ ಆಕೆಯ ತೂಕ ನೂರಾ ಮೂರು ಕಿಲೋ ಆಗಿತ್ತು. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಮೊಣಕಾಲು ನೋವು. ಅನ್ನ ಬಿಟ್ಟಳು, ರೊಟ್ಟಿ ಕಡಿಮೆ ಮಾಡಿದಳು, ಮಕ್ತಲ್ ರಸ್ತೆಯಲ್ಲಿ ದಿನಾ ನಡೆದಳು. ನಾಲ್ಕು ಕಿಲೋ ಇಳಿಯಿತು, ಐದು ಕಿಲೋ ಏರಿತು. “ಬಾಯಿ ಕಟ್ರಿ ಚನ್ನವೀರಮ್ಮ” ಎಂದು ಬಂದುಹೋಗುವವರೆಲ್ಲ ಹೇಳುತ್ತಿದ್ದರು. ನಕ್ಕು ಮುಂದಿನ ಕ್ಯಾನಿಗೆ ಕೈಹಾಕುತ್ತಿದ್ದಳು.

ಮೇ ತಿಂಗಳ ಒಂದು ಮಧ್ಯಾಹ್ನ, ನಾರಾಯಣಪೇಟೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಅಣ್ಣನ ಮಗಳು ಶಿವರಂಜನಿ ಬಂದು, ಹೆಬ್ಬೆರಳುದ್ದದ ಗಾಜಿನ ಶೀಶೆಯೊಂದನ್ನು ಮುಂದಿಟ್ಟಳು.

“ಅತ್ತೀ, ತೂಕ ಇಳಿಸೋ ಸೂಜಿ. ವಾರಕ್ಕೊಂದು. ಡಾಕ್ಟರ್ ಚೀಟಿ ಬ್ಯಾಡ, ಏನೂ ಬ್ಯಾಡ. ನಮ್ಮ ಪಾರ್ಲರ್‌ಗೆ ಬರೋರು ಆರು ಮಂದಿ ತಗೊಂಡಾರ.”

ಚನ್ನವೀರಮ್ಮ ಶೀಶೆಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಬಿಳಿ ಪುಡಿ. ಮೇಲೆ ಒಂದಕ್ಷರವಿಲ್ಲ.

“ಇದರ ಡಬ್ಬಿ ಎಲ್ಲೈತಿ? ಹೆಸರು, ತಾರೀಖು?”

“ಡಬ್ಬಿ ಇಲ್ಲ ಅಂತನ ಸಸ್ತಾ. ಹೈದರಾಬಾದಿನಿಂದ ಒಬ್ಬಾಂವ ಬಸ್ಸಿಗೆ ಹಾಕಿ ಕಳಸ್ತಾನ.”

“ಐಸ್‌ನಾಗ ಇಟ್ಟು ಕಳಸ್ತಾನೇನು?”

“ಕವರ್‌ನಾಗ.”

“ಈ ಬಿಸಿಲಾಗ ಕವರ್‌ನಾಗ ಬಂದ ಹಾಲು ನಾ ಮುಟ್ಟಂಗಿಲ್ಲ ರಂಜೂ. ಇದನ್ನ ಮೈಯಾಗ ಹೆಂಗ ಹಾಕ್ಕೊಳ್ಲಿ?”

ಶಿವರಂಜನಿ ಮುಖ ಸಣ್ಣ ಮಾಡಿಕೊಂಡಳು. ಬೇರೆ ಯಾರಾದರೂ ಆಗಿದ್ದರೆ ಬಯ್ಯುತ್ತಿದ್ದರು. ಚನ್ನವೀರಮ್ಮನ ಕಣ್ಣು ಹುಡುಗಿಯ ಸಡಿಲಾದ ಬಳೆಗಳ ಮೇಲಿತ್ತು. ಮೆಲ್ಲಗೆ ಕೇಳಿದಳು: “ನೀನೂ ಹಾಕ್ಕೊಂಡೀಯೇನು?”

“ಮೂರು ವಾರ ಆತು ಅತ್ತೀ. ನೀರು ಕುಡಿದ್ರೂ ವಾಂತಿ ಆಗ್ತೈತಿ. ಮನ್ಯಾಗ ಹೇಳಿಲ್ಲ.”

ಆ ಸಂಜೆ ಹಾಲು ತೆಗೆದುಕೊಳ್ಳುವ ಕೆಲಸವನ್ನು ಗಂಡನಿಗೆ ಒಪ್ಪಿಸಿ, ಹುಡುಗಿಯನ್ನು ಕರೆದುಕೊಂಡು ಚನ್ನವೀರಮ್ಮ ಮಕ್ತಲ್‌ನಿಂದ ಗದ್ವಾಲ್ ಬಸ್ಸು ಹತ್ತಿದಳು. ಅಲ್ಲಿನ ಡಾಕ್ಟರ್ ಕೃಷ್ಣಪ್ರಿಯಾ ಶೀಶೆಯನ್ನು ತಿರುಗಿಸಿ ನೋಡಿದರು.

“ಇದರೊಳಗ ಏನದ, ಎಷ್ಟದ ಅಂತ ನನಗೂ ಹೇಳ್ಲಿಕ್ಕೆ ಆಗೂದಿಲ್ಲ. ಈಕಿ ತೂಕ ಸರಿಯಾಗೇ ಅದ. ಈಕಿಗೆ ಯಾವ ಸೂಜಿನೂ ಬೇಡ.”

ಎರಡು ಬಾಟಲಿ ಸಲೈನ್ ಏರಿಸಿದ ಮೇಲೆ ಶಿವರಂಜನಿಯ ಮುಖಕ್ಕೆ ಕಳೆ ಬಂತು. ಆ ವಾರವೇ ಚನ್ನವೀರಮ್ಮ ಆಕೆಯ ಜೊತೆ ನಾರಾಯಣಪೇಟೆಯಲ್ಲಿ ಸೂಜಿ ತೆಗೆದುಕೊಂಡಿದ್ದ ಆರೂ ಮಂದಿಯ ಮನೆ ಬಾಗಿಲಿಗೆ ಹೋದಳು. “ತಪ್ಪಾಗೇತ್ರಿ, ಇನ್ನ ಅದನ್ನ ಹಾಕ್ಕೊಬ್ಯಾಡ್ರಿ, ಡಾಕ್ಟರ್‌ಗೆ ತೋರಿಸ್ರಿ” ಎಂದು ಹುಡುಗಿಯ ಬಾಯಿಂದಲೇ ಹೇಳಿಸಿದಳು. ಒಬ್ಬಾಕೆ ಬಾಯಿಗೆ ಬಂದಂತೆ ಬೈದಳು. ಆಗ ಹುಡುಗಿಯ ಭುಜದ ಮೇಲಿಟ್ಟ ಕೈಯನ್ನು ಚನ್ನವೀರಮ್ಮ ತೆಗೆಯಲಿಲ್ಲ.

ತನಗಾಗಿ ಡಾಕ್ಟರ ಹತ್ತಿರ ಹೋದದ್ದು ಇದೆಲ್ಲ ಮುಗಿದ ಮೇಲೆ.

“ಸೂಜಿ ಅಂದ್ರ ಮೈಗಳ್ಳರ ದಾರಿ ಅಂತಾರಲ್ರೀ ಅಮ್ಮಾ?”

“ಸಕ್ಕರಿಗೆ ಗುಳಿಗಿ ತಗೊಳ್ಳೋದು ಮೈಗಳ್ಳತನಾನ? ಇದೂ ಹಂಗ, ರೋಗಕ್ಕ ಔಷಧ.”

ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ, ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದೆಲ್ಲ ಕೇಳಿದರು. ರಕ್ತ, ಕಣ್ಣು ಪರೀಕ್ಷೆ ಮಾಡಿಸಿ ತರಲು ಹೇಳಿದರು. ರಿಪೋರ್ಟು ನೋಡಿದ ಮೇಲೆಯೇ ಔಷಧದ ಮಾತು.

“ಎರಡು ನಮೂನಿ ಅವ. ಎರಡೂ ವಾರಕ್ಕೊಮ್ಮೆ. ಒಂದರಿಂದ ತೂಕ ಇನ್ನಷ್ಟು ಇಳೀತದ, ಖರ್ಚೂ ಹೆಚ್ಚು. ಯಾವುದೇ ಇರ್ಲಿ, ನಡುವ ಬಿಟ್ರ ತೂಕ ತಿರುಗಿ ಬರ್ತದ.”

ಚನ್ನವೀರಮ್ಮ ಬೆರಳಲ್ಲಿ ತಿಂಗಳ ಖರ್ಚಿನ ಲೆಕ್ಕ ಹಾಕಿದಳು. “ನಾಕು ತಿಂಗಳು ಹಾಕ್ಕೊಂಡು ಕೈಬಿಡೋದು ನನಗ ಬ್ಯಾಡ್ರಿ. ನಡೆಸ್ಕೊಂಡು ಹೋಗಾಕ ಆಗೋದನ್ನ ಬರೀರಿ.”

ಡಾಕ್ಟರು ತಲೆದೂಗಿ, ಕಡಿಮೆ ಖರ್ಚಿನದನ್ನು ಸಣ್ಣ ಪ್ರಮಾಣದಲ್ಲಿ ಬರೆದು, ಸಕ್ಕರೆ ತೀರ ಕೆಳಗಿಳಿಯದಿರಲೆಂದು ಅದರ ಗುಳಿಗೆಯೊಂದನ್ನು ಅರ್ಧಕ್ಕೆ ಇಳಿಸಿದರು. ಮಕ್ತಲ್‌ನ ಮೆಡಿಕಲ್ ಶಾಪಿನಲ್ಲಿ ಚನ್ನವೀರಮ್ಮ ಅಲ್ಲಿನ ಫ್ರಿಜ್ಜಿಗೆ ಕೈಯಿಟ್ಟು ನೋಡಿ, ಡಬ್ಬಿಯ ಸೀಲು ಪರೀಕ್ಷಿಸಿ, ತಾರೀಖು ಓದಿಸಿ, ಬಿಲ್ಲು ಕೇಳಿ ತೆಗೆದುಕೊಂಡಳು. “ನೀವು ಇನ್ಸ್‌ಪೆಕ್ಟರ್ರೇನ್ರಿ?” ಎಂದು ಅಂಗಡಿಯವನು ನಕ್ಕ.

ಮೊದಲ ತಿಂಗಳು ಹೊಟ್ಟೆ ತೊಳಸುತ್ತಿತ್ತು. ಡಾಕ್ಟರಿಗೆ ಫೋನು ಮಾಡಿದಳು. ಅವರು ಪ್ರಮಾಣ ಏರಿಸುವುದನ್ನು ಮುಂದೂಡಿದರು. ಬೇಳೆ, ಮೊಸರು, ನಡಿಗೆ ಯಾವುದನ್ನೂ ಚನ್ನವೀರಮ್ಮ ತಪ್ಪಿಸಲಿಲ್ಲ. ಒಂಬತ್ತು ತಿಂಗಳಿಗೆ ಹನ್ನೆರಡು ಕಿಲೋ ಇಳಿಯಿತು. ತೆಳ್ಳಗಾದಳು ಎನ್ನುವಂತಿಲ್ಲ. ಆದರೆ ಈಗ ಸಕ್ಕರೆ ಹತೋಟಿಯಲ್ಲಿದೆ, ನೆಲದ ಮೇಲೆ ಕೂತರೆ ತಾನೇ ಏಳುತ್ತಾಳೆ.

ಕೇಂದ್ರದಲ್ಲಿ ಹೆಂಗಸರು ಔಷಧದ ಹೆಸರು ಕೇಳುತ್ತಾರೆ. “ಹೆಸರು ಹೇಳಂಗಿಲ್ರವ್ವ. ಡಾಕ್ಟರ್ ಹತ್ರ ನಡೀರಿ, ನಿಮ್ಮ ಸಂಗಾಟ ನಾ ಬರ್ತೀನಿ” ಎನ್ನುತ್ತಾಳೆ. ಹೋದ ಗುರುವಾರ ಹಾಲು ಹಾಕುವ ಕಿಷ್ಟಮ್ಮನ ಜೊತೆ ಗದ್ವಾಲ್‌ಗೆ ಹೋಗಿ ಬಂದಳು. ಕಿಷ್ಟಮ್ಮನಿಗೆ ಡಾಕ್ಟರು ಸೂಜಿ ಬರೆಯಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ತೂಕ ಏರಿದ್ದು ಥೈರಾಯ್ಡಿನಿಂದ ಎಂದು ಅದರ ಗುಳಿಗೆ ಬರೆದುಕೊಟ್ಟರು.